ಕುಸುಬಿ ಎಣ್ಣೆ ಹಚ್ಚಿದ ಕಂಬ

ಪುಣೆ,
೮ ಫೆಬ್ರುವರಿ ೨೦೨೫

ಪ್ರೀತಿಯ ಅವ್ವನಿಗೆ,

ನಿನ್ನ ಬಾಯಿಬಡುಕಿ ರಾಜಶ್ರೀಯ ನಮಸ್ಕಾರ. ಫೋನಿನಲ್ಲಾದರೆ ನಾನೊಬ್ಬಳೇ ಮಾತಾಡಿ ಮುಗಿಸಿಬಿಡುತ್ತೇನೆ, ಅದಕ್ಕೇ ಈ ಕಾಗದ. ಅವ್ವಾ, ಕಂಬ ಗೆದ್ದಿತು! ದೇವರ ಹಿಪ್ಪರಗಿಯ ನಿನ್ನ ತವರುಮನೆಯ ಸಾಗವಾನಿ ಕಂಬದಲ್ಲಿ ಇನ್ನೂರು ವರ್ಷದ ಹಿಂದಿನ ಸೂರ್ಯ ಸಿಕ್ಕಿದ್ದಾನೆ!

ಹೇಗೆಂದು ಕೇಳು. ಸೂರ್ಯನ ಆರ್ಭಟ ಕೆಲವು ವರ್ಷ ಏರುತ್ತದೆ, ಕೆಲವು ವರ್ಷ ಇಳಿಯುತ್ತದೆ. ಅವನು ಮೆತ್ತಗಾದಾಗ ದೂರದ ಆಕಾಶದ ಕಿರಣಗಳು ಹೆಚ್ಚು ನುಗ್ಗಿ ಬಂದು ಗಾಳಿಯಲ್ಲಿ ಒಂದು ಬಗೆಯ ಇಂಗಾಲವನ್ನು ಹೆಚ್ಚಿಸುತ್ತವೆ. ಅದೇ ರೇಡಿಯೋಕಾರ್ಬನ್. ಮರ ಅದನ್ನು ಹೀರಿ ಆ ವರ್ಷದ ಉಂಗುರದಲ್ಲಿ ಇಟ್ಟುಕೊಳ್ಳುತ್ತದೆ. ಒಂದೊಂದೇ ಉಂಗುರ ಬಿಡಿಸಿ ಅಳೆದರೆ ಸೂರ್ಯನ ಏರಿಳಿತ ತಿಳಿಯುತ್ತದೆ.

ಗುರಲಿಂಗಪ್ಪ ಮಾಮಾ ಹಳೆ ಮನೆ ಕೆಡವಿ ಕಟ್ಟಿಗೆಯೆಲ್ಲ ಮಾರಿದ ಮೇಲೆ ಉಳಿದದ್ದು ನೀನು ಹಟ ಹಿಡಿದು ಕೊಯ್ಯಿಸಿಕೊಂಡ ಆ ಒಂದೇ ತುಂಡು. ನನ್ನ ನಾಲ್ಕು ವರ್ಷದ ಸಂಶೋಧನೆ ಅದರ ಮೇಲೆ ನಿಂತಿತ್ತು. ಡಿಸೆಂಬರಿನಲ್ಲಿ ಮೊದಲ ಫಲಿತಾಂಶ ನೋಡಿದರೆ ಮೊನ್ನೆ ಕಡಿದ ಮರದಂತೆ ತೋರಿಸುತ್ತಿತ್ತು. ಮೂಸಿದೆ. ನೀನು ಹಚ್ಚಿದ್ದ ಕುಸುಬಿ ಎಣ್ಣೆ! ಹೋದ ವರ್ಷದ ಕುಸುಬಿಯ ಹೊಸ ಇಂಗಾಲ ಹಳೆ ಮರದೊಳಗೆ ಸೇರಿಕೊಂಡಿತ್ತು, ನಮ್ಮ ಎಂದಿನ ತೊಳೆತಕ್ಕೆ ಹೋಗಿರಲಿಲ್ಲ. ಆವತ್ತು ಲ್ಯಾಬಿನಲ್ಲಿ ಎಲ್ಲರೆದುರು ಫೋನಿನಲ್ಲೇ ನಿನ್ನ ಮೇಲೆ ಹರಿಹಾಯ್ದೆ. ನೀನು "ತಪ್ಪಾತು ಬಿಡವಾ" ಅಂದೆ, ಅಷ್ಟೇ.

ನಮ್ಮ ಹಿರಿಯ ವಿಜ್ಞಾನಿ ಮೆಹರುನ್ನಿಸಾ ಮೇಡಂ ಮುದ್ದೇಬಿಹಾಳದವರು. ಮುಖ ಊದಿಸಿಕೊಂಡು ಕೂತಿದ್ದ ನನಗೆ "ಅತ್ರ ಎಣ್ಣಿ ಹೋಗತೈತೇನು? ಏಳು, ತೊಳಿಯೂಣು" ಎಂದರು. ಬೇರೆ ಬೇರೆ ದ್ರಾವಣಗಳಲ್ಲಿ ಮೂರು ವಾರ ತೊಳೆದೆವು. ಕೊನೆಗೆ ಅರಳೆಯಷ್ಟು ಬೆಳ್ಳಗಿನ ನಾರು ಉಳಿಯಿತು. ಮೊನ್ನೆ ಗುರುವಾರ ಹೊಸ ಅಂಕಿಗಳು ಬಂದವು. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿಳಿತ, ಅಚ್ಚುಕಟ್ಟಾಗಿ! ನಡುವೆ ಒಂದಷ್ಟು ವರ್ಷ ಸೂರ್ಯ ಮಂಕಾಗಿಯೇ ಇದ್ದ. ಬೇರೆ ದೇಶದ ಮರಗಳು ಹೇಳಿದ್ದನ್ನೇ ನಮ್ಮ ಕಂಬವೂ ಹೇಳಿತು. ಮೇಡಂ ಕುರ್ಚಿ ಬಿಟ್ಟೆದ್ದು ಕುಣಿದರು, ನನಗೆ ಅಳು ತಡೆಯಲಾಗಲಿಲ್ಲ.

ಮುಂದಿನ ವಾರ ಇಂಗಳೇಶ್ವರಕ್ಕೆ ಬರುತ್ತೇನೆ. ಬಾಗಿಲಲ್ಲೇ ಬೈದರೂ ಒಳಗೆ ಬರುವವಳೇ.

ನಿನ್ನ ಮಗಳು,
ರಾಜಶ್ರೀ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು. ನಿನ್ನನ್ನು ಬೈದ ಮರುದಿನ, ನಾನೇ ನಿನಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಹಳೆಯ ಧ್ವನಿ ಸಂದೇಶ ಕೇಳಿದೆ. "ಅವ್ವಾ, ನಾ ಬರೂತನಕ ಕಟಗಿ ಸೀಳು ಬಿಡಬಾರದು, ಚಂದಂಗ ಎಣ್ಣಿ ಹಚ್ಚಿ ಇಡು" ಅಂದವಳು ನಾನೇ. ನಿನ್ನ ಫೋನಿನಲ್ಲೂ ಅದು ಇದ್ದೇ ಇದೆ, ಆದರೂ ನೀನು ಎತ್ತಿ ಆಡಲಿಲ್ಲ. ತಪ್ಪು ನನ್ನದೇ ಎಂದು ಇವತ್ತು ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿದೆ. ತುಂಡು ಹಾಳಾಗಿದ್ದರೆ ಇವತ್ತೂ ಹೇಳುತ್ತಿರಲಿಲ್ಲವೇನೋ, ಅವ್ವಾ.