ಹತ್ತೊಂಬತ್ತನೆಯವಳು

14 ಜನವರಿ 2018, ಭಾನುವಾರ, ಸಂಜೆ 5.10

ಮತ್ತೆ ಹತ್ತೊಂಬತ್ತನೆಯವಳು! ಇದು ಮೂರನೇ ಸಲ. ಫೋನಿನಲ್ಲಿ ಆಡುವ ಭಾನುವಾರದ ಪಂದ್ಯಕ್ಕೆ ಇನ್ನೂರು ಚಿಲ್ಲರೆ ಜನ ಕೂತರು. ಕೊನೆಗೆ ಉಳಿದ ಹದಿನೆಂಟು ಜನಕ್ಕೆ ದುಡ್ಡು, ಹತ್ತೊಂಬತ್ತಕ್ಕೆ ಸೊನ್ನೆ. ಅಷ್ಟು ದೂರ ಬಂದು ಬಾಗಿಲಲ್ಲಿ ಮುಗ್ಗರಿಸುವ ವಿದ್ಯೆ ನನಗೊಬ್ಬಳಿಗೇ ಒಲಿದಿದೆ.

ಒಮಾಹಾ ಪೋಕರ್‌ನಲ್ಲಿ ಕೈಗೆ ನಾಲ್ಕು ಎಲೆ. ಅದರಲ್ಲಿ ಎರಡೇ ಎರಡು, ಮೇಜಿನ ಐದರಲ್ಲಿ ಮೂರು — ಸೇರಿ ಐದಾಗಬೇಕು. ನಾಲ್ಕು ಎಲೆ ಇದ್ದಾಗ ಎಂಥ ಸಾಧಾರಣ ಕೈಯೂ ಚೆಂದ ಕಾಣುತ್ತದೆ. ಮೋಸ ಅಲ್ಲೇ. ಉಳಿದವರೆಲ್ಲ ಉಸಿರು ಬಿಗಿಹಿಡಿದು ಎಲೆ ಬಿಡುತ್ತಿದ್ದಾಗ ನಾನು ರಾಣಿಯ ಫ್ಲಶ್ — ಒಂದೇ ಜಾತಿಯ ಐದು ಎಲೆ — ನಂಬಿ ಪೂರ್ತಿ ಚಿಪ್ಸ್ ಇಟ್ಟೆ. ಎದುರಿನವನ ಬಳಿ ಎಕ್ಕದ ಫ್ಲಶ್ ಇತ್ತು. ಬಿ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಓದಿದ್ದು ದಂಡ.

ಅತ್ತೆ ಎಳ್ಳುಂಡೆ ಹಂಚಲು ಕರೆಯುತ್ತಿದ್ದಾರೆ. ಸಿಹಿ ಮಾತಾಡಬೇಕಂತೆ ಇವತ್ತು. ಕಷ್ಟ.

17 ಜನವರಿ, ಬೆಳಿಗ್ಗೆ

ಮಾವನಿಗೆ ಮತ್ತೆ ಕೇಳಿದೆ. ಮಾರ್ಕೆಟ್ಟಿನ ಅರಿಶಿನದ ಸವಾಲಿಗೆ, ಅಂದರೆ ಹರಾಜಿಗೆ, ನಾನೂ ಬರುತ್ತೇನೆ, ಖರೀದಿ ಕಲಿಯುತ್ತೇನೆ ಅಂತ. ಮದುವೆಯಾಗಿ ನಾಲ್ಕು ವರ್ಷ, ನಾಲ್ಕು ಸೀಸನ್, ನಾಲ್ಕು ಸಲ ಕೇಳಿದ್ದೇನೆ. ಗಂಡ ಶುಭಮನಿಗೆ ಲಾರಿ ಅಂದರೆ ಪ್ರಾಣ, ಸವಾಲಿನಲ್ಲಿ ನಾಲಿಗೆ ಏಳುವುದಿಲ್ಲ. ನನಗೆ ಏಳುತ್ತದೆ.

"ಮಾಲು ನೋಡೂದ ಕಲೀಬಹುದವ್ವಾ," ಅಂದರು ವಿಭೂತಿ ಹಚ್ಚಿಕೊಳ್ಳುತ್ತ. "ಆದ್ರ ಅಲ್ಲಿ ಎದಿ ಗಟ್ಟಿ ಇರಬೇಕು. ನಿಂದು ಕೈ ನಡಗತೈತಿ."

 ಸಿಟ್ಟು ಬಂದದ್ದು ಅವರ ಮೇಲಲ್ಲ. ರಾಣಿಯ ಫ್ಲಶ್ ನೆನಪಾಯಿತು.

28 ಜನವರಿ, ಭಾನುವಾರ

ಸಿಕ್ಕಿಬಿದ್ದೆ. ಮಾರ್ಕೆಟ್ ರಜೆ, ಮಾವ ಮಲಗಿದ್ದಾರೆಂದುಕೊಂಡಿದ್ದೆ. ಚಹಾ ಕೇಳಲು ಬಂದವರು ಹಿಂದೆ ನಿಂತು ಫೋನ್ ನೋಡಿದರು. ಚಿನ್ನದ ಸರ ಕದ್ದವಳ ಹಾಗೆ ಎದ್ದು ನಿಂತೆ. ಆಟದ ಫೀ ನಾನು ಟ್ಯೂಷನ್ ಹೇಳಿ ಗಳಿಸಿದ್ದು, ಮನೆಯದಲ್ಲ ಅಂತ ತೊದಲಿದೆ. ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು!

"ಎಷ್ಟ ಮಂದಿ ಅದಾರ?"

"ಇಪ್ಪತ್ರಿ ಮಾವಾರ. ಹದಿನೆಂಟ ಮಂದಿಗೆ ರೊಕ್ಕ."

"ಅಂದ್ರ ಈಗ ಎಲ್ಲಾರೂ ಅಂಜ್ಯಾರ."

ಹೌದು, ಅಂಜಿದ್ದರು. ನಾನೂ. ಎರಡು ರಾಜ ಇರುವ ಕೈ ಬಂತು, ಜೊತೆಗಿನ ಎರಡು ಎಲೆ ಕಸ. ಆದರೂ ಪೂರ್ತಿ ಹಾಕಿದೆ. ಸೋತೆ. ಇಪ್ಪತ್ತನೆಯವಳು. ಹಿಂಬಡ್ತಿ.

ಮಾವ ಕನ್ನಡಕ ತೆಗೆದು ಕೇಳಿದರು, "ಯಾಕ ಹಾಕಿದಿ?" ಬರಿಗೈಲಿ ಎದ್ದು ಹೋಗಬೇಕಾಗುತ್ತದೆ ಅನ್ನುವ ಭಯ ಅಂದೆ. ನಕ್ಕರು. ಸಂಜೆ ಸವಾಲು ಮುಗಿಯುವಾಗ ಹೊಸ ವ್ಯಾಪಾರಿಗಳು ಹೀಗೇ ನಡುಮಟ್ಟದ ಮಾಲು ಕೊಂಡು ಕೈ ಸುಟ್ಟುಕೊಳ್ಳುತ್ತಾರಂತೆ. ಆಮೇಲೆ ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದರು.

"ಒಂದ್ಸಲ ಆ ಹದಿನೆಂಟರಾಗ ಬಾ. ಮರದಿನ ನನ್ನ ಜೋಡಿ ಸವಾಲಿಗೆ ಬಾ. ನಿನ್ನ ಅತ್ತಿಗೆ ಹೇಳಬ್ಯಾಡ."

ಕಣ್ಣಲ್ಲಿ ನೀರು ಬಂತು. ಚಹಾ ಮಾಡಲು ಹೋದೆ.

4 ಫೆಬ್ರವರಿ, ಭಾನುವಾರ

ಮಾವ ಮೂರು ಗಂಟೆಗೇ ತಯಾರು. ಮೊದಲ ಕೈ ಬಂತು: ರಾಣಿ, ಎಂಟು, ಮೂರು, ಎರಡು. ಬಿಡಲು ಹೋದೆ. "ಏ ಬಿಡಬ್ಯಾಡ, ಮುಹೂರ್ತದ ಮಾಲು!" ಸೀಸನ್ನಿನ ಮೊದಲ ರಾಶಿಯನ್ನು ಪೂಜೆ ಮಾಡಿ ಹೆಚ್ಚಿನ ದರಕ್ಕೆ ಕೊಳ್ಳುವುದು ನಮ್ಮಲ್ಲಿ ಪದ್ಧತಿ, ಅದನ್ನು ಇಲ್ಲೂ ತಂದರು. ನನಗೂ ಬುದ್ಧಿ ಇಲ್ಲ, ಕೇಳಿದೆ. ಅರ್ಧ ಚಿಪ್ಸ್ ಹೋಯಿತು, ಒಂದು ಗಂಟೆಯೊಳಗೆ ಉಳಿದದ್ದೂ ಹೋಯಿತು. ಮಾವ ಗಂಟಲು ಸರಿಮಾಡಿಕೊಂಡು ವಾಕಿಂಗ್ ಹೊರಟರು.

11 ಫೆಬ್ರವರಿ

ಮಿರಜದಲ್ಲಿ ಮದುವೆ. ಊಟದ ಪಂಕ್ತಿಯಲ್ಲಿ ಮಾವ ನನ್ನ ಹಿಂದೆ ಬಂದು ಪಿಸುಗುಟ್ಟಿದರು: "ಈಗ ಆಟ ಚಾಲೂ ಆಗಿರಬೇಕಲಾ?"

18 ಫೆಬ್ರವರಿ, ಭಾನುವಾರ, ಸಂಜೆ 6

ಕೈ ನಡುಗುತ್ತಿದೆ, ಈ ಸಲ ಖುಷಿಗೆ. ಕ್ರಮವಾಗಿ ಬರೆಯುತ್ತೇನೆ.

ಮುಹೂರ್ತ ಗಿಹೂರ್ತ ಇಲ್ಲ ಅಂತ ಮೊದಲೇ ಹೇಳಿದೆ. ಮಾವ ಒಪ್ಪಿದರು. ಎರಡು ಗಂಟೆ ಒಳ್ಳೆಯ ಆಟ. ಆಮೇಲೆ ಎಲೆಗಳೇ ಬರಲಿಲ್ಲ. ಹತ್ತೊಂಬತ್ತು ಜನ ಉಳಿದಾಗ ಎಲ್ಲರಿಗಿಂತ ಕಡಿಮೆ ಚಿಪ್ಸ್ ನನ್ನದೇ. ಸರದಿ ಬಂದಾಗ ಎಲೆ ನೋಡುವ ಮೊದಲೇ ಕಟ್ಟಬೇಕಾದ ಪಣ ಇದೆಯಲ್ಲ, ಬ್ಲೈಂಡ್ — ಅದರಲ್ಲೇ ಅರ್ಧ ಹೋಯಿತು. ಎಲೆ: ಒಂಬತ್ತು, ಎಂಟು, ಏಳು, ಐದು. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ.

ಟೈಗರ್77 ಅನ್ನುವವನು ಪಣ ಏರಿಸಿದ. ಅರ್ಧ ಗಂಟೆಯಿಂದ ಅವನದು ಇದೇ ಕೆಲಸ, ಎಲ್ಲರ ಅಂಜಿಕೆ ತಿಂದು ಬದುಕುತ್ತಿದ್ದ. ಬಿಟ್ಟರೆ ಮುಂದಿನ ಒಂದೆರಡು ಕೈಯಲ್ಲಿ ಸಾಯುವುದು ಖಂಡಿತ. ಹಾಕಿದರೆ ಈಗಲೇ ಸಾಯಬಹುದು.

ಮಾವ ಮೆಲ್ಲಗೆ ಅಂದರು: "ಈ ಮನಿಷಾ ಭಾಳ ಗಡಿಬಿಡಿ ಮಾಡಾಕತ್ತಾನ ನೋಡು. ಮೊದಲ ಸವಾಲಿನ್ಯಾಗ ನಾವು ಟಾವೆಲ್ ಕೆಳಗ ಬೆರಳ ಹಿಡದು ರೇಟ್ ಹೇಳತಿದ್ವಿ. ಖರೇ ಮಾಲು ಬೇಕಾದಾಂವ ತಡಾ ಮಾಡಿ ಒತ್ತತಿದ್ದ. ಸುಮ್ಮ ಏರಸಾಂವ ಗಡಾನ ಒತ್ತತಿದ್ದ."

ಸರಿ! ಹಿಂದೆ ಎರಡು ಸಲ ಈ ಟೈಗರ್ ಯೋಚಿಸಿ ಏರಿಸಿದ್ದ, ಎರಡು ಸಲವೂ ಎಕ್ಕಗಳನ್ನೇ ತೋರಿಸಿದ್ದ. ನಾನು ನೋಡಿದ್ದೆ, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಲ್ಲದೆ ಒಮಾಹಾದಲ್ಲಿ ಯಾವ ಕೈಯೂ ಇನ್ನೊಂದಕ್ಕಿಂತ ಅಷ್ಟು ಮುಂದಿರುವುದಿಲ್ಲ, ಇದು ನನ್ನ ಸ್ಟ್ಯಾಟಿಸ್ಟಿಕ್ಸ್. ಹಿಂದೆಲ್ಲ ಹೆದರಿ ಹಾಕುತ್ತಿದ್ದೆ. ಇವತ್ತು ತಿಳಿದು ಹಾಕಿದೆ. ಪೂರ್ತಿ.

ಅವನ ಎಲೆ: ರಾಜ, ಗುಲಾಮ, ನಾಲ್ಕು, ಎರಡು. ಮೇಜಿನ ಮೇಲೆ ರಾಜ, ಹತ್ತು, ಮೂರು. ಅವನಿಗೆ ಜೋಡಿ ಆಯಿತು. ಮಾವ ನನ್ನ ಮಣಿಕಟ್ಟು ಹಿಡಿದರು. ನಾಲ್ಕನೆಯದು ಆರು. ಐದನೆಯದು... ಏಳು! ಆರು, ಏಳು, ಎಂಟು, ಒಂಬತ್ತು, ಹತ್ತು!

"ಆತೇನ?" "ಆತ್ರಿ ಮಾವಾರ! ಆತು!"

ಅಡುಗೆಮನೆಯಿಂದ ಅತ್ತೆ, "ಯಾರ ಗೆದ್ರ ಮ್ಯಾಚ್?"

"ನಮ್ಮವರ," ಅಂದರು ಮಾವ.

ಹತ್ತು ನಿಮಿಷದಲ್ಲಿ ಬೇರೆ ಯಾರೋ ಹತ್ತೊಂಬತ್ತನೆಯವರಾದರು. ಪಾಪ. ಇಲ್ಲ, ಪಾಪ ಅನ್ನಿಸಲಿಲ್ಲ. ನಾನು ಹದಿನಾಲ್ಕಕ್ಕೆ ಮುಗಿಸಿದೆ. ಗೆದ್ದದ್ದು ಫೀಯ ಎರಡರಷ್ಟು ಮಾತ್ರ. ಮಾವ ತಂದ ಪೇಢೆಯೇ ಅದಕ್ಕಿಂತ ಹೆಚ್ಚಾಯಿತು.

ನಾಳೆ ಶಿವಜಯಂತಿ ರಜೆ. ನಾಡಿದ್ದು ಸವಾಲು.

20 ಫೆಬ್ರವರಿ, ಮಂಗಳವಾರ, 11.20, ಮಾರ್ಕೆಟ್ ಯಾರ್ಡ್

ಅಂಗಡಿಯ ಗಾದಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಸೀರೆಯ ಅಂಚೆಲ್ಲ ಹಳದಿ ಧೂಳು. ಅತ್ತೆಗೆ ಬೆಳಿಗ್ಗೆ ಮಾವನೇ ಎಲ್ಲ ಹೇಳಿಬಿಟ್ಟರು. ಅವರು ಇಬ್ಬರ ಮುಖವನ್ನೂ ನೋಡಿ, ಬುತ್ತಿ ಎರಡು ಕಟ್ಟಿದರು.

ಪಕ್ಕದ ಅಂಗಡಿಯ ಬಸಲಿಂಗಪ್ಪ ಗಂಟಲು ಕೆರೆದುಕೊಂಡು ಕೇಳಿದರು: "ಏನ್ರಿ ಸಿದ್ರಾಮಪ್ಪನವರ, ಸೊಸಿನ್ನ ಕರ್ಕೊಂಡ ಬಂದೀರಿ?"

"ನಾ ಕರ್ಕೊಂಡ ಬಂದಿಲ್ಲ," ಅಂದರು ಮಾವ. "ಇವತ್ತ ಖರೀದಿ ಆಕೀದು. ನಾ ಆಕಿ ಜೋಡಿ ಬಂದೇನಿ."

ಜೊತೆಗೆ ನಿಂತು ನೋಡುವುದಷ್ಟೇ ಅಂದುಕೊಂಡಿದ್ದೆ. ಸೆರಗು ಸಿಕ್ಕಿಸಿಕೊಂಡೆ. ಎರಡು ರಾಶಿ ನೋಡಿದೆ, ಎರಡನ್ನೂ ಬಿಟ್ಟೆ. ಮೂರನೆಯದರ ಕೊಂಬು ಮುರಿದರೆ ಒಳಗೆ ಕಡು ಕೇಸರಿ. ಇದು ಬೇಕು. ಎಷ್ಟರ ತನಕ ಅಂತ ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದೇನೆ. ಮಾವ ಕೈಕಟ್ಟಿ ಹಿಂದೆ ನಿಂತಿದ್ದಾರೆ.

ಆ ರಾಶಿಯ ಸುತ್ತ ಜನ ಸೇರಿದರು. ಸಿದ್ರಾಮಪ್ಪನವರ ಕಡೆಯಿಂದ ಕೂಗುವವರು ಯಾರು ಅಂತ ಸವಾಲಿನವನು ಮರಾಠಿಯಲ್ಲಿ ಕೇಳುತ್ತಿದ್ದಾನೆ. ಎಲ್ಲರೂ ಮಾವನನ್ನು ನೋಡುತ್ತಿದ್ದಾರೆ, ಮಾವ ನನ್ನನ್ನು. ಏಳಬೇಕು. ನಾನೇ—