ಹನ್ನೆರಡು ಎಫ್ ಸೀಟಿನ ಲೋಟ

೨೪೬೧, ಹದಿನಾಲ್ಕನೆಯ ತಿಂಗಳ ಮೊದಲ ದಿನ

ಹೊಸಕೇರಿ ಪದ್ಮಾವತಿಯವರಿಗೆ, ಕಂದಕದ ಮನೆಯ ಮಾಚಲೆ ಮಾಡುವ ವಂದನೆಗಳು.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಬೇಸಿಗೆ ಉದ್ದವಾಯಿತೆಂದು ನಮ್ಮ ಹಿರಿಯರು ವರ್ಷಕ್ಕೆ ಎರಡು ತಿಂಗಳು ಸೇರಿಸಿದರು. ಕಂದಕದ ಮನೆ ಎಂದರೆ ನಿಮ್ಮ ಕಾಲದವರು ಹೂತ ಕಸವನ್ನು ಅಗೆದು, ತೊಳೆದು, ಜೋಡಿಸಿಡುವ ಜಾಗ. ಅಲ್ಲಿ ಲೋಟಗಳನ್ನು ನೋಡಿಕೊಳ್ಳುವವಳು ನಾನು.

ನಮ್ಮಲ್ಲಿ ವಿಮಾನ ಹತ್ತುವವರು ತಮ್ಮ ಲೋಟ ತಾವೇ ಒಯ್ಯಬೇಕು. ಮಗು ಹುಟ್ಟಿದ ಹನ್ನೊಂದನೆಯ ದಿನ ಸ್ಟೀಲಿನ ಲೋಟದ ಮೇಲೆ ಅದರ ಹೆಸರು ಕೊರೆಸುತ್ತೇವೆ. ಅದೇ ಹೆಸರುಲೋಟ. ಒಬ್ಬರದರಲ್ಲಿ ಇನ್ನೊಬ್ಬರು ಕುಡಿಯುವಂತಿಲ್ಲ. ಗಂಟಲು ಒಣಗಿ ಬಿದ್ದರೂ ಯಾರೂ ಕೊಡುವುದಿಲ್ಲ. ದಿಂಬಿಲ್ಲ, ಕಂಬಳಿಯಿಲ್ಲ. ಮೊಣಕಾಲ ಮೇಲೆ ಬುತ್ತಿಗಂಟು ಬಿಚ್ಚಿ ಉಣ್ಣುತ್ತೇವೆ, ವಿಮಾನ ಕುಲುಕಿದರೆ ನೀರೆಲ್ಲ ಸೀರೆಯ ಮೇಲೆ. ಸುಖವೆಂದು ಹೇಳಲಾರೆ, ಅಭ್ಯಾಸವಾಗಿದೆ.

ನನ್ನ ಮಗಳ ಹೆಸರು ಇರುವಂತಿ, ವಯಸ್ಸು ಇಪ್ಪತ್ತು. ಹೋದ ತಿಂಗಳು ಒಂಬತ್ತು ಗಂಟೆಯ ಪ್ರಯಾಣಕ್ಕೆ ಹೊರಟಳು. ವಿಮಾನದ ಬಾಗಿಲವರೆಗೆ ಹೋದ ಮೇಲೆ ನೆನಪಾಯಿತು, ಹೆಸರುಲೋಟ ಮನೆಯಲ್ಲಿ ಬೋರಲು ಹಾಕಿದಲ್ಲೇ ಉಳಿದಿದೆ. ಲೋಟ ತೋರಿಸದವರನ್ನು ಒಳಗೆ ಬಿಡುವುದಿಲ್ಲ. ಕಳಿಸಲು ಹೋಗಿದ್ದ ನನ್ನ ಚೀಲದಲ್ಲಿ ಅಂದು ಅಗೆದು ತೆಗೆದ ಪ್ಲಾಸ್ಟಿಕ್ ಲೋಟವೊಂದಿತ್ತು. ಅಂಚಿನಲ್ಲಿ ಇನ್ನೂ ಮಾಸದ ತುಟಿಬಣ್ಣ. ತೋರಿಸಲಿಕ್ಕಷ್ಟೇ ಎಂದು ಕೊಟ್ಟು ಕಳಿಸಿದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು. ಬಾಯಾರಿದಾಗ ಅವಳು ಅದರಲ್ಲೇ ಕುಡಿದಳು.

ಮರಳಿ ಬಂದವಳು ನನ್ನ ಮುಖ ನೋಡಿ, "ನೀವ್ ಯಾರ್ರಿ?" ಎಂದಳು. ಅಂದಿನಿಂದ ಮೂಲೆಯ ಕುರ್ಚಿಯಲ್ಲಿ, ಸೊಂಟಕ್ಕೆ ದಾವಣಿ ಬಿಗಿದುಕೊಂಡು ಕೂರುತ್ತಾಳೆ. ಪಕ್ಕದ ಗೋಡೆಯನ್ನು ಕಿಟಕಿಯೆಂಬಂತೆ ನೋಡುತ್ತಾಳೆ. ಗಳಿಗೆಗೊಮ್ಮೆ ಅದೇ ಮಾತು: "ಕಾಗದದ ಕಪ್ ಬ್ಯಾಡ್ರಿ, ಮೆತ್ತಗಾಗ್ತದ. ಮೊದಲ ಕೊಡ್ತಿದ್ರಲ್ಲ, ಪ್ಲಾಸ್ಟಿಕ್‌ದು, ಒಂದರ ಉಳದದೇನು ನೋಡ್ರಿ." ಹೆಸರು ಕೇಳಿದರೆ ಪದ್ಮಾವತಿ ಹೊಸಕೇರಿ, ಸೀಟು ಹನ್ನೆರಡು ಎಫ್ ಎನ್ನುತ್ತಾಳೆ. ಹೆತ್ತವಳಿಗೆ ಇದಕ್ಕಿಂತ ದೊಡ್ಡ ಭಯ ಬೇರೆ ಇದೆಯೇ? ರಾತ್ರಿ ಅವಳ ಪಕ್ಕ ಮಲಗಲು ನನಗೆ ಹೆದರಿಕೆಯಾಗುತ್ತದೆ.

ಆ ವಿಮಾನವನ್ನು ನೀವಿನ್ನೂ ಹತ್ತಿಲ್ಲದಿದ್ದರೆ, ಕೈಮುಗಿದು ಕೇಳುತ್ತೇನೆ, ಕಾಗದದ ಕಪ್ಪನ್ನೇ ತೆಗೆದುಕೊಳ್ಳಿ. ಬೆರಳು ಸುಡಬಹುದು, ಮರದ ಚಮಚ ನಾಲಿಗೆಗೆ ಒರಟಾಗಬಹುದು. ಒಂದು ಗಂಟೆಯ ಕಷ್ಟ. ಆಮೇಲೆ ಮನೆಗೆ ಹೋಗಿ ಒಳ್ಳೆಯ ಚಹಾ ಮಾಡಿಕೊಂಡು ಕುಡಿಯಿರಿ. ನಿಮ್ಮ ತುಟಿ ತಾಗದಿದ್ದರೆ ಅದು ಬರೀ ಲೋಟ. ನನ್ನ ಮಗಳು ಅದರಲ್ಲಿ ನೀರು ಕುಡಿದರೂ, ಅವ್ವಾ ಎನ್ನುತ್ತಲೇ ಇಳಿದು ಬರುತ್ತಾಳೆ.

ಇದನ್ನೆಲ್ಲ ಹೇಗೆ ನಂಬುವುದು ಎನ್ನುವಿರಿ. ನಿಮ್ಮ ಕಾಲದ ಅಕ್ಷರ ನನಗೆ ಬರೆಯಲು ಬಾರದು, ನಮ್ಮೂರಿನಲ್ಲಿ ಯಾರಿಗೂ ಬಾರದು. ಇರುವಂತಿಗೂ ಯಾರೂ ಕಲಿಸಿರಲಿಲ್ಲ. ನಾನು ಹೇಳುತ್ತಿದ್ದೇನೆ, ಅವಳು ತಡವರಿಸದೆ ಬರೆಯುತ್ತಿದ್ದಾಳೆ.

ಕಾಗದವನ್ನು ಬೆಳಕಿಗೆ ಹಿಡಿದು ಕೈಬರಹ ನೋಡಿ. ಅದು ನಿಮ್ಮದೇ.