ಎಣ್ಣೆ ಕುಡಿಯದ ಬೆಂಚು

ಅಪ್ಪಾ,

ಅಂಗಳಕ್ಕೆಲ್ಲ ಕಲ್ಲು ಹಾಸಿಸಿದೆ. ನೀನು ಮಾಡಿದ ಬೆಂಚಿಗೆ ಗೆದ್ದಲು ಹತ್ತಿತ್ತು. ಅಮ್ಮ ಅಕ್ಕನ ಮನೆಗೆ ಹೋಗಿದ್ದಾಗ ಅದನ್ನು ಸಾಗಹಾಕಿ, ಮರದ ಹಾಗೇ ಗೆರೆ ತೆಗೆದು ಬಣ್ಣ ಬಳಿದ ಸಿಮೆಂಟಿನ ಬೆಂಚು ಇಡಿಸಿದೆ. ಅವಳಿಗೆ ಕಣ್ಣು ಮಂಜಲ್ವಾ, ಗೊತ್ತಾಗಲ್ಲ ಅಂದುಕೊಂಡೆ.

ಇವತ್ತು ಬೆಳಿಗ್ಗೆ, ನೀನು ಹೇಳಿಕೊಟ್ಟಿದ್ದ ಹಾಗೆ, ಬಟ್ಟೆಯಲ್ಲಿ ಅದಕ್ಕೆ ಎಣ್ಣೆ ಹಚ್ಚುತ್ತ ಕೂತಳು.

"ಯಾಕೋ ಇದು ಎಣ್ಣೇನೇ ಕುಡೀತಿಲ್ವಲ್ಲೋ?"

"ಹೊಟ್ಟೆ ತುಂಬಿರಬೇಕಮ್ಮ," ಅಂದೆ. ಅವಳು ನಗಲಿಲ್ಲ.

ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಳು. ಮರ ಕೊಳ್ಳುವಾಗ ನೀನು ತಟ್ಟುತ್ತಿದ್ದೆಯಲ್ಲ, ಹಾಗೇ. ಕಿವಿಗೊಟ್ಟು ಕೇಳಿದಳು.

ಆಮೇಲೆ ನನ್ನ ಕಡೆ ಒಮ್ಮೆ ತಿರುಗಿದಳು ಅಪ್ಪ. ಬಟ್ಟೆಯನ್ನು ಮತ್ತೆ ಎಣ್ಣೆಗೆ ಅದ್ದಿದಳು.